ಮೇಲಿನ ಬಾಣ ಎರಡು ಸಲ

ಬೆಳಿಗ್ಗೆ ಒಂಬತ್ತೂವರೆಗೆ ಚೀಟಿ ಅಕ್ಕ ಮೂಕ ಕುರ್ಚಿಯಲ್ಲಿ ಕೂತಾಗ ಆಕೆಯ ಮುಂದಿದ್ದ ಲೆಕ್ಕಾಚಾರ ಸರಳವಾಗಿತ್ತು. ರೈಲು ಸಂಜೆ ಐದೂ ನಲವತ್ತಕ್ಕೆ. ಆಫೀಸಿನಿಂದ ಸ್ಟೇಷನ್ನಿಗೆ ಮುಕ್ಕಾಲು ಗಂಟೆ. ಎಂದರೆ ನಾಲ್ಕೂವರೆಗೆ ಎದ್ದು ಹೊರಡಬೇಕು. ಅಷ್ಟರೊಳಗೆ ಎದುರಿನ ಮೇಜಿನ ಮೇಲಿರುವ ಹೊಸ ಯಂತ್ರದಲ್ಲಿ ದಂತವೈದ್ಯರೊಬ್ಬರ ವೆಬ್‌ಸೈಟು ಕಾಣಿಸಿಕೊಳ್ಳಬೇಕು. ಕಾಣಿಸಿದರೆ ಆಕೆ ಮೂರು ವಾರ ಲ್ಯಾಪ್‌ಟಾಪಿನ ಹಂಗಿಲ್ಲದೆ ಮಗಳ ಬಾಣಂತನಕ್ಕೆ ಹೋಗಬಹುದು. ಕಾಣಿಸದಿದ್ದರೆ ಲ್ಯಾಪ್‌ಟಾಪೂ ಜೊತೆಗೆ ಬರಬೇಕು. ಲ್ಯಾಪ್‌ಟಾಪು ಬರುವುದಾದರೆ ನೀನು ಬರಲೇಬೇಡ ಎಂದು ಮಗಳು ಹೇಳಿಯಾಗಿತ್ತು.

ಮಗಳು ಸುಮ್ಮನೆ ಹಟ ಹಿಡಿಯುವವಳಲ್ಲ. ಎರಡು ವರ್ಷದ ಹಿಂದೆ ಅವಳಿಗೆ ಹೊಟ್ಟೆಯ ಆಪರೇಷನ್ ಆದಾಗ, ಅರಿವಳಿಕೆ ಇಳಿದು ಮೊದಲು ಕಿವಿಗೆ ಬಿದ್ದ ಮಾತು ಮಂಚದ ಪಕ್ಕದಲ್ಲಿ ನಿಂತಿದ್ದ ಅಮ್ಮನದೇ: "ಮೊದ್ಲು ಬ್ರೌಸರ್ ಮುಚ್ಚಿ ತೆಗಿ ಪುಟ್ಟಾ, ಆಮೇಲೆ ಗಾಬರಿಯಾಗು." ಆ ಪುಟ್ಟ ತಾನಲ್ಲ, ಫೋನಿನ ಆ ಕಡೆ ಇರುವ ಇನ್ಯಾರೋ ಎಂದು ತಿಳಿಯಲು ಅವಳಿಗೆ ಎರಡು ನಿಮಿಷ ಬೇಕಾಯಿತು. ಮರೆಯಲು ಎರಡು ವರ್ಷ ಸಾಲಲಿಲ್ಲ.

ಆಫೀಸು ಸಣ್ಣದು. ಒಂದು ಉದ್ದನೆಯ ಕೋಣೆ, ಕೆಳಗೆ ಚಪ್ಪಲಿ ಅಂಗಡಿ, ಏಳು ಮೇಜು, ಎಂದೂ ಪೂರ್ತಿ ಮುಚ್ಚದ ಒಂದು ಕಿಟಕಿ. ಶಾಲೆಗಳಿಗೆ, ಅಂಗಡಿಗಳಿಗೆ, ವೈದ್ಯರಿಗೆ ವೆಬ್‌ಸೈಟು ಕಟ್ಟಿಕೊಡುವುದು ಇವರ ಕಸುಬು. ಅಲ್ಲಿ ಹದಿನಾಲ್ಕು ವರ್ಷದಿಂದ ಇರುವವಳು ಈಕೆಯೊಬ್ಬಳೇ. ಯಾರಿಗೆ ಏನು ಅಡ್ಡ ಬಂದರೂ ಅದಕ್ಕೊಂದು ಕೋಡಿನ ತುಣುಕನ್ನು ಹಳದಿ ಚೀಟಿಯಲ್ಲಿ ಬರೆದು ಅವರ ಪರದೆಯ ಅಂಚಿಗೆ ಅಂಟಿಸಿ ಹೋಗುತ್ತಿದ್ದಳು. ಪೆಟ್ಟಿಗೆಯನ್ನು ಪುಟದ ನಟ್ಟನಡುವೆ ನಿಲ್ಲಿಸಲು ಒಂದು ಚೀಟಿ. ಫೋನಿನಲ್ಲಿ ಮೆನು ಮಡಚಿಕೊಳ್ಳಲು ಒಂದು. ತಾರೀಕು ತಲೆಕೆಳಗಾಗಿ ಬಂದರೆ ಒಂದು. ಕೆಲವು ಚೀಟಿಗಳ ಕೊನೆಯಲ್ಲಿ "ಯಾಕೆ ಅಂತ ಕೇಳಬೇಡ" ಎಂಬ ಟಿಪ್ಪಣಿಯೂ ಇರುತ್ತಿತ್ತು. ಹೀಗೆ ಆಕೆ ಚೀಟಿ ಅಕ್ಕ ಆದಳು. ಮಾಲೀಕನೂ ಹಾಗೆಯೇ ಕರೆಯುತ್ತಿದ್ದ. ಅವನು ಆಕೆಗಿಂತ ಹನ್ನೆರಡು ವರ್ಷ ಚಿಕ್ಕವನು, ಹೆದರಿಕೆಯಲ್ಲಿ ಮಾತ್ರ ಇಪ್ಪತ್ತು ವರ್ಷ ದೊಡ್ಡವನು.

ಆಫೀಸಿನಲ್ಲಿದ್ದ ಉಳಿದ ಯಂತ್ರಗಳೆಲ್ಲ ಚೀಟಿ ಅಕ್ಕನ ಯಂತ್ರದ ಪಡಿಯಚ್ಚುಗಳು. ಹೊಸದು ಬಂದಾಗಲೆಲ್ಲ ತನ್ನದರಲ್ಲಿ ಇದ್ದದ್ದನ್ನು ಇದ್ದ ಹಾಗೇ ಅದಕ್ಕೆ ಸುರಿದುಬಿಡುತ್ತಿದ್ದಳು. ಈ ಸಲ ಬಂದದ್ದು ಬೇರೆ ಜಾತಿಯ ಯಂತ್ರ, ಸುರಿದರೆ ಒಳಗಿಳಿಯುವುದಿಲ್ಲ. ಮೊದಲಿಂದ ಒಂದೊಂದೇ ಹಾಕಬೇಕು. ಅದಕ್ಕಾಗಿ ಆಕೆ ಮೂವತ್ತೆಂಟು ಹೆಜ್ಜೆಗಳ ಒಂದು ಸಿದ್ಧತಾ ಪತ್ರ ಬರೆದಿದ್ದಳು. "ಇದೊಂದಿದ್ರೆ ನಾನು ಬೇಕಾಗಿಲ್ಲ" ಎಂದೂ ಹೇಳಿದ್ದಳು. ಅಷ್ಟು ಹೇಳಿದ್ದೇ ತಪ್ಪಾಯಿತು.

"ಹಾಗಿದ್ರೆ ಪರೀಕ್ಷೆ ಮಾಡೋಣ ಅಕ್ಕ," ಎಂದಿದ್ದ ಮಾಲೀಕ.

ಮೂಕ ಕುರ್ಚಿ ಅವನದೇ ಶೋಧನೆ. ಪತ್ರ ಬರೆದವರು ಓದುವವರ ಬೆನ್ನ ಹಿಂದೆ ಕೂರಬೇಕು. ಬಾಯಿ ಬಿಡಬಾರದು, ಕೀಲಿಮಣೆ ಮುಟ್ಟಬಾರದು. ಓದುವವರು ಏನು ಬೇಕಾದರೂ ಮಾಡಲಿ, ಬರೆದವರನ್ನು ಕೇಳುವಂತಿಲ್ಲ. ಬಾಯಿ ಬಿಟ್ಟರೆ ಪತ್ರ ಫೇಲು. ಕಳೆದ ಸಲ ಇಂಥದೇ ಒಂದು ಪತ್ರದ ಜೊತೆ ಆಕೆ ಪಕ್ಕದಲ್ಲಿ ನಿಂತು "ಓ ಅದಾ, ಅದು ಹಾಗಲ್ಲ, ಕೊಡು ಇಲ್ಲಿ" ಎಂದು ಅರವತ್ತು ಸಲ ಹೇಳಿದ್ದಳಂತೆ. ಮಾಲೀಕ ಎಣಿಸಿದ್ದ.

ಓದುವವರಾಗಿ ಸಿಕ್ಕಿದ್ದು ಪ್ರೂಫ್ ಸಾರ್. ಮೂವತ್ತು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿ, ಅಚ್ಚುಮನೆ ಮುಚ್ಚಿದ ಮೇಲೆ ಐವತ್ತೈದನೆಯ ವಯಸ್ಸಿನಲ್ಲಿ ವೆಬ್ ಕೆಲಸ ಕಲಿತು, ಸೋಮವಾರವಷ್ಟೇ ಸೇರಿದವರು. ಬರೆದದ್ದನ್ನು ಬರೆದಂತೆಯೇ ಓದುವ ಮನುಷ್ಯ. ಇಡೀ ಊರಿನಲ್ಲಿ ಇದಕ್ಕಿಂತ ಅಪಾಯಕಾರಿ ಓದುಗ ಇನ್ನೊಬ್ಬ ಸಿಗುತ್ತಿರಲಿಲ್ಲ.

"ಹೆಜ್ಜೆ ಒಂದು," ಎಂದು ಗಟ್ಟಿಯಾಗಿ ಓದಿದರು. "ಯಂತ್ರವನ್ನು ಆನ್ ಮಾಡಿ." ಮಾಡಿದರು. ಪಕ್ಕದಲ್ಲೊಂದು ಸರಿ ಗುರುತು ಹಾಕಿದರು. ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು. "ಹೆಜ್ಜೆ ಎರಡು." ಮುಚ್ಚಳ ತೆಗೆದರು.

ಪ್ರತಿ ಹೆಜ್ಜೆಗೂ ಮುಚ್ಚಳ ಹಾಕಿ ತೆಗೆಯುವುದೇ ಆದರೆ ಮೂವತ್ತೆಂಟು ಹೆಜ್ಜೆಗೆ ಎಷ್ಟು ಹೊತ್ತು ಎಂದು ಚೀಟಿ ಅಕ್ಕ ಮನಸ್ಸಿನಲ್ಲೇ ಗುಣಿಸಿದಳು. ಮೊತ್ತ ಹಿತವಾಗಿರಲಿಲ್ಲ.

ಮೂರನೆಯ ಹೆಜ್ಜೆಯಲ್ಲಿ "ಇದು ಗೊತ್ತಿದ್ದವರು ಮುಂದೆ ಹೋಗಬಹುದು" ಎಂದಿತ್ತು. ಪ್ರೂಫ್ ಸಾರ್ ಕನ್ನಡಕ ತೆಗೆದು ಒರೆಸಿದರು. ತಮಗೆ ಇದು ಗೊತ್ತಿದೆಯೋ ಇಲ್ಲವೋ ಎಂದು ಪ್ರಾಮಾಣಿಕವಾಗಿ ಯೋಚಿಸಿದರು. ಏಳು ನಿಮಿಷ ಯೋಚಿಸಿದರು. ಕೊನೆಗೆ, "ಗೊತ್ತಿದೆ ಅಂತ ಅಂದುಕೊಂಡಿದ್ದೇನೆ, ಆದರೆ ಅದು ಬೇರೆ ವಿಷಯ," ಎಂದು ತಮಗೇ ಹೇಳಿಕೊಂಡು ಮೊದಲಿಂದ ಮಾಡಿದರು.

ಚೀಟಿ ಅಕ್ಕ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತಳು. ಬಾಯಿಯನ್ನು ಹಲ್ಲಿನಿಂದ ಹಿಡಿಯಬಹುದು. ಕೈಗೆ ಅಂಥ ಅನುಕೂಲವಿಲ್ಲ.

ಪಕ್ಕದ ಮೇಜಿನ ಬಣ್ಣದವಳು, ಎಂದರೆ ಪುಟಗಳ ಬಣ್ಣ ವಿನ್ಯಾಸ ನೋಡಿಕೊಳ್ಳುವವಳು, ತನ್ನ ಪರದೆಯ ಮರೆಯಿಂದ ಇಣುಕಿದಳು. "ಅಕ್ಕಾ, ಒಂದು ಸಣ್ಣ ಡೌಟು... ಅಯ್ಯೋ, ನೀವು ಇವತ್ತು ಮಾತಾಡೋ ಹಾಗಿಲ್ಲ ಅಲ್ವಾ? ಎಂಥಾ ದಿನ ಕಣ್ರೀ, ಕ್ಯಾಮೆರಾ ಆನ್ ಮಾಡ್ಲಾ?"

ಚೀಟಿ ಅಕ್ಕ ಕಣ್ಣಿನಲ್ಲೇ ಒಂದು ಉತ್ತರ ಕೊಟ್ಟಳು. ಅದು ಅಚ್ಚು ಹಾಕುವಂಥದ್ದಲ್ಲ.

ಹನ್ನೊಂದನೆಯ ಹೆಜ್ಜೆ ಬರುವಾಗ ಹನ್ನೆರಡು ಗಂಟೆ ದಾಟಿತ್ತು. "ಇಲ್ಲಿ ಒಂದು ಎಚ್ಚರಿಕೆ ಬರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ" ಎಂದು ಪತ್ರ ಹೇಳುತ್ತಿತ್ತು. ಪರದೆಯ ಮೇಲೆ ಬಂದದ್ದು ಮೂರು. ಪ್ರೂಫ್ ಸಾರ್ ಮೂರನ್ನೂ ಸರದಿಯಂತೆ ಓದಿ, ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: "ಯಾವುದಕ್ಕೆ ತಲೆ ಕೆಡಿಸಿಕೊಳ್ಳಬಾರದು? ಉಳಿದ ಎರಡಕ್ಕೆ ಕೆಡಿಸಿಕೊಳ್ಳಬೇಕೆ?" ಮಾಲೀಕ ಅವರ ಹೆಗಲ ಮೇಲಿಂದ ಬಗ್ಗಿ ನೋಡಿ, ತಪ್ಪಿನ ಲೆಕ್ಕಕ್ಕೆ ಪತ್ರದ ಮೇಲೊಂದು ಗೆರೆ ಎಳೆದು, ಚೀಟಿ ಅಕ್ಕನ ಕಡೆ ತಿರುಗಿ ನಕ್ಕ. ಸೋಲುವ ಪಂದ್ಯದಲ್ಲಿ ಎದುರಾಳಿ ಕೊಡುವ ನಗು ಅದು.

ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತು ಆಕೆ ಫೋನ್ ಎತ್ತಿದಳು. ಅಲ್ಲಿ ಮಾತಾಡಬಹುದಿತ್ತು.

"ಹೊರಟ್ಯಾ?" ಎಂದಳು ಮಗಳು.

"ನಾಲ್ಕೂವರೆಗೆ."

"ಬ್ಯಾಗಲ್ಲಿ ಏನಿದೆ?"

"ಬಟ್ಟೆ. ಮಗುಗೆ ಸ್ವೆಟರು, ಟೋಪಿ."

"ಮತ್ತೆ?"

"ಮತ್ತೇನು, ಟವೆಲ್ಲು."

"ಅಮ್ಮಾ."

"ಏನೇ?"

"ಟವೆಲ್ಲಿನ ಒಳಗೆ ಏನು ಸುತ್ತಿಟ್ಟಿದ್ದೀಯ?"

ಚೀಟಿ ಅಕ್ಕ ಚಪ್ಪಲಿ ಅಂಗಡಿಯ ಬೋರ್ಡು ನೋಡಿದಳು. ತಾಯಂದಿರ ಬುದ್ಧಿ ಮಕ್ಕಳಿಗೆ ಬರುತ್ತದೆ ಎನ್ನುವುದು ಸಂತೋಷದ ವಿಷಯವೇನೂ ಅಲ್ಲ. "ಅದು ಸುಮ್ನೆ ಧೈರ್ಯಕ್ಕೆ," ಎಂದಳು.

"ನಾಳೆ ಬೆಳಿಗ್ಗೆ ನಂಗೆ ಆಪರೇಷನ್ ಥಿಯೇಟರು. ನಂಗೂ ಧೈರ್ಯ ಬೇಕು. ನಾನೇನು ಟವೆಲ್ಲಲ್ಲಿ ಸುತ್ತಿಟ್ಕೊಂಡಿದ್ದೀನಾ?" ಮಗಳ ದನಿ ಏರಲಿಲ್ಲ, ಅದೇ ಕಷ್ಟ. "ಅದು ಬಂದ್ರೆ ನೀನು ಬರ್ಬೇಡ. ಅತ್ತೆ ಇದ್ದಾರೆ, ಅವರು ನೋಡ್ಕೋತಾರೆ."

"ಅತ್ತೆ" ಎಂಬ ಆ ಒಂದು ಮಾತು ಚೀಟಿ ಅಕ್ಕನನ್ನು ಮೆಟ್ಟಿಲು ಹತ್ತಿಸಿ, ಕುರ್ಚಿಯಲ್ಲಿ ಕೂರಿಸಿ, ಮತ್ತೆ ಅಂಗೈಗಳನ್ನು ತೊಡೆಯಡಿ ತುರುಕಿಸಿತು.

ಮಧ್ಯಾಹ್ನ ಹೆಜ್ಜೆಗಳು ಓಡಿದವು. ಹದಿನೈದು, ಹತ್ತೊಂಬತ್ತು, ಇಪ್ಪತ್ತಾರು. ಮುಚ್ಚಳ ಹಾಕುವುದು, ತೆಗೆಯುವುದು ಒಂದು ಲಯಕ್ಕೆ ಬಂದಿತ್ತು. ಅಲ್ಲಲ್ಲಿ ಆಕೆ ಸೇರಿಸಿದ್ದ ಸಲಹೆಗಳನ್ನು ಪ್ರೂಫ್ ಸಾರ್ ಮೆಚ್ಚಿಕೊಂಡೂ ಓದಿದರು. "'ಏನನ್ನಾದರೂ ಅಳಿಸುವ ಮೊದಲು ಒಂದು ಲೋಟ ನೀರು ಕುಡಿಯಿರಿ.' ಭಾಷೆ ಚೆನ್ನಾಗಿದೆ ಮೇಡಂ." ಎದ್ದು ಹೋಗಿ ನಿಜವಾಗಿಯೂ ನೀರು ಕುಡಿದು ಬಂದರು. ಅಲ್ಲಿ ನಾಲ್ಕು ನಿಮಿಷ ಹೋಯಿತು.

ಮೂರೂ ಮುಕ್ಕಾಲಿಗೆ ಮೂವತ್ತೇಳನೆಯ ಹೆಜ್ಜೆ: ಸರ್ವರ್ ಶುರು ಮಾಡಿ. ಮಾಡಿದರು. ಅದು ಶುರುವಾಯಿತು, ದೂರಲಿಲ್ಲ. ಮೂವತ್ತೆಂಟು: "ಬ್ರೌಸರ್ ತೆರೆಯಿರಿ. ಡಾಕ್ಟರು ನಗುತ್ತಿರುತ್ತಾರೆ."

ಬ್ರೌಸರ್ ತೆರೆಯಿತು. ಬಿಳಿ ಪುಟ. ಡಾಕ್ಟರೂ ಇಲ್ಲ, ಹಲ್ಲೂ ಇಲ್ಲ. ಸುಣ್ಣ ಬಳಿದ ಗೋಡೆಯಂಥ ಬಿಳಿ.

"ನಗುತ್ತಿಲ್ಲ," ಎಂದರು ಪ್ರೂಫ್ ಸಾರ್.

ಮತ್ತೆ ತೆರೆದರು. ಬಿಳಿ. ಹಿಂದಿನ ಹತ್ತು ಹೆಜ್ಜೆಗಳನ್ನು ಬೆರಳಿಟ್ಟು ಓದಿದರು. ಎಲ್ಲ ಸರಿ. ಯಂತ್ರವನ್ನು ಆರಿಸಿ ಹಚ್ಚಿದರು. ಬಿಳಿ.

ಚೀಟಿ ಅಕ್ಕನಿಗೆ ಇಷ್ಟು ಹೊತ್ತೂ ಉತ್ತರ ಗೊತ್ತಿದ್ದು ಹೇಳಲಾಗದ ಸಂಕಟ. ಈಗ ಅದಕ್ಕಿಂತ ಹೊಸತು: ಉತ್ತರ ಆಕೆಗೂ ಗೊತ್ತಿಲ್ಲ. ಹದಿನಾಲ್ಕು ವರ್ಷದಲ್ಲಿ ತನ್ನ ಯಂತ್ರದಲ್ಲಿ ಒಂದು ದಿನವೂ ಈ ಬಿಳಿ ಪುಟ ಕಂಡದ್ದಿಲ್ಲ. ಮೂವತ್ತೇಳಾದ ಮೇಲೆ ಮೂವತ್ತೆಂಟು, ಡಾಕ್ಟರು ನಗುತ್ತಾರೆ. ಇನ್ನೇನಿದೆ? ಕುರ್ಚಿ ಕಿರುಗುಟ್ಟಿತು. ಎದ್ದು ಕಿಟಕಿಯ ತನಕ ಹೋಗಿ ಬಂದಳು. ಕೂತಳು. ಗೋಡೆ ಗಡಿಯಾರದಲ್ಲಿ ನಾಲ್ಕೂ ಐದು.

ಮಾಲೀಕ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತ. ಈಗ ನಗುತ್ತಿರಲಿಲ್ಲ. "ಅಕ್ಕ, ಹೋಗ್ಲಿ ಬಿಡಿ. ಒಂದು ಮಾತು ಹೇಳ್ಬಿಡಿ, ಸರಿ ಮಾಡ್ಕೊಳ್ಳೋಣ. ಲ್ಯಾಪ್‌ಟಾಪ್ ತಗೊಂಡ್ಹೋಗಿ. ದಿನಕ್ಕೆ ಒಂದೇ ಗಂಟೆ. ಮಗು ಮಲಗಿರುವಾಗ."

ಆಕೆ ತಲೆ ಅಡ್ಡ ಆಡಿಸಿದಳು. ಮಗು ಮಲಗುವ ಹೊತ್ತನ್ನು ಈ ಅವಿವಾಹಿತ ಹಂಚಿಕೊಡುತ್ತಿರುವ ಚೆಂದಕ್ಕೆ ಬೇರೆ ದಿನವಾಗಿದ್ದರೆ ನಾಲ್ಕು ಮಾತು ಸಿಗುತ್ತಿತ್ತು. ಈ ದಿನ ಹೇಳಲು ಆ ಒಂದು ಮಾತೇ ಇರಲಿಲ್ಲ.

ಅಂಗೈಗಳು ಜೋಮು ಹಿಡಿದಿದ್ದವು. ಹೊರಗೆಳೆದು ಮಡಿಲಲ್ಲಿಟ್ಟುಕೊಂಡಳು. ಕಣ್ಣು ಮುಚ್ಚಿ, ತಾನು ದಿನಾ ಬೆಳಿಗ್ಗೆ ಬಂದು ಕೂರುವುದನ್ನು ಮೊದಲಿಂದ ನೆನೆಯತೊಡಗಿದಳು. ಬ್ಯಾಗು ಇಡುತ್ತೇನೆ. ಲ್ಯಾಪ್‌ಟಾಪು ತೆರೆಯುತ್ತೇನೆ. ಸರ್ವರ್ ಶುರು ಮಾಡುತ್ತೇನೆ. ಬ್ರೌಸರ್ ತೆರೆಯುತ್ತೇನೆ. ಮತ್ತೆ. ಬ್ಯಾಗು, ಲ್ಯಾಪ್‌ಟಾಪು, ಸರ್ವರ್, ಬ್ರೌಸರ್.

ಪ್ರೂಫ್ ಸಾರ್ ಕುರ್ಚಿ ತಿರುಗಿಸಿ ಕೂತಿದ್ದರು. ಆಕೆಯ ಮುಖವನ್ನಲ್ಲ, ಮಡಿಲನ್ನು ನೋಡುತ್ತಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

"ಮೇಡಂ," ಎಂದರು ಮೆತ್ತಗೆ, "ಕಣ್ಣು ತೆಗೀಬೇಡಿ. ಇನ್ನೊಂದು ಸಲ ನೆನಪು ಮಾಡ್ಕೊಳ್ಳಿ."

"ಸಾರ್, ಕೇಳೋ ಹಾಗಿಲ್ಲ!" ಎಂದ ಮಾಲೀಕ.

"ನಾನೇನೂ ಕೇಳ್ತಿಲ್ಲವಲ್ಲ. ನೆನಪು ಮಾಡ್ಕೊಳ್ಳಿ ಅಂದೆ, ಅಷ್ಟೇ."

ಚೀಟಿ ಅಕ್ಕ ನೆನೆದಳು. ಮಡಿಲಲ್ಲಿ ಬೆರಳುಗಳು ಕುಣಿದವು. ಪ್ರೂಫ್ ಸಾರ್ ಅವುಗಳ ಮೇಲೆ ಕರಡು ಓದುವವರ ಹಾಗೆ ಬಗ್ಗಿದರು. "ಅಚ್ಚುಮನೆಯಲ್ಲಿ ನಮ್ಮ ಅಚ್ಚಿನ ಮೊಳೆ ಜೋಡಿಸೋವ್ರು ಎದುರಿಗೆ ಕೂತು ಕೆಲಸ ಮಾಡ್ತಿದ್ರು," ಎಂದು ಯಾರಿಗೂ ಅಲ್ಲದಂತೆ ಹೇಳಿದರು. "ಯಾವ ಸಾಲಲ್ಲಿ ತಪ್ಪು ಬರುತ್ತೆ ಅಂತ ಅವರ ಕೈ ನೋಡಿದ್ರೆ ಸಾಕಿತ್ತು, ಕಾಗದ ನೋಡ್ಬೇಕಿರಲಿಲ್ಲ." ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದರು, ಬರೆದದ್ದನ್ನು ಓದಿದರು: "ಸರ್ವರ್‌ಗೂ ಬ್ರೌಸರ್‌ಗೂ ಮಧ್ಯೆ ಎಡಗೈಯಲ್ಲಿ ಪರದೆ ಮೇಲೆ ಆಜ್ಞೆ ಬರೆಯೋ ಇನ್ನೊಂದು ಕಿಟಕಿ ತೆಗೀತಾರೆ. ಬಲಗೈ ಕೆಳಮೂಲೆಗೆ ಹೋಗುತ್ತೆ. ಮೇಲಿನ ಬಾಣ. ಇನ್ನೊಂದು ಸಲ ಮೇಲಿನ ಬಾಣ. ಎಂಟರ್. ಇದು ಪತ್ರದಲ್ಲಿಲ್ಲ."

ಚೀಟಿ ಅಕ್ಕ ಕಣ್ಣು ತೆರೆದು ತನ್ನ ಬಲಗೈಯನ್ನೇ ನೋಡಿದಳು, ಯಾರೋ ನೆಂಟರು ಹೇಳದೆ ಕೇಳದೆ ಬಂದು ಕೂತಿದ್ದಾರೆ ಎನ್ನುವ ಹಾಗೆ.

"ಅಯ್ಯೋ, ಅದಾ?" ಎಂದಳು ಬಣ್ಣದವಳು. "ಅದು ಎಲ್ಲರೂ ಮಾಡೋದೇ ಅಲ್ವಾ ಸಾರ್? ಬೆಳಿಗ್ಗೆ ಬಂದ ತಕ್ಷಣ. ಹಲ್ಲುಜ್ಜಿದ ಹಾಗೆ."

"ನೀವೂ ಮಾಡ್ತೀರಾ?"

"ದಿನಾ."

"ಅದು ಏನು ಮಾಡುತ್ತೆ?"

"ಗೊತ್ತಿಲ್ಲ. ಸೇರಿದ ದಿನ ಅಕ್ಕ ಹೇಳಿದ್ರು, ಎರಡು ಸಲ ಮೇಲೆ, ಆಮೇಲೆ ಎಂಟರ್ ಅಂತ. ಯಾಕೆ ಅಂತ ಕೇಳಬೇಡ ಅಂತಾನೂ ಹೇಳಿದ್ರು."

ಪ್ರೂಫ್ ಸಾರ್ ಮಾಲೀಕನ ಕಡೆ ನೋಡಿದರು. ಮಾಲೀಕ ತನ್ನ ಬಲಗೈಯನ್ನು ಜೇಬಿನಲ್ಲಿ ಮರೆಸಿಕೊಂಡ. "ನಾನೂ ಅಷ್ಟೇ ಸಾರ್," ಎಂದ. "ನನಗೂ ಗೊತ್ತಿಲ್ಲ."

ನಡೆದಿದ್ದು ಇಷ್ಟು. ಆ ಮೇಲಿನ ಬಾಣ ಎಂದರೆ ಹಿಂದೆ ಕೊಟ್ಟ ಆಜ್ಞೆಯನ್ನು ಮತ್ತೆ ಎದುರಿಗೆ ತರುವ ಕೀಲಿ. ಎಷ್ಟೋ ವರ್ಷದ ಹಿಂದೆ ಒಂದು ದಿನ ಚೀಟಿ ಅಕ್ಕ ಎರಡನೆಯ ಕಿಟಕಿಯಲ್ಲಿ ಒಂದು ಉದ್ದನೆಯ ಆಜ್ಞೆ ಕೊಟ್ಟಿದ್ದಳು: ಪುಟದ ಚಿತ್ರ, ಬಣ್ಣ, ಅಕ್ಷರಗಳನ್ನೆಲ್ಲ ಕಟ್ಟಿ ಬ್ರೌಸರಿಗೆ ಒಪ್ಪಿಸುವ ಕೆಲಸದ್ದು. ಸಂಜೆ ಅದನ್ನು ನಿಲ್ಲಿಸಿ, ಪರದೆ ಒರೆಸುವ ಇನ್ನೊಂದು ಆಜ್ಞೆ ಕೊಟ್ಟು ಮನೆಗೆ ಹೋಗಿದ್ದಳು. ಮರುದಿನ ಎರಡು ಸಲ ಬಾಣ ಒತ್ತಿದಳು: ಮೊದಲ ಸಲಕ್ಕೆ ಒರೆಸುವುದು ಬಂತು, ಎರಡನೆಯ ಸಲಕ್ಕೆ ಕಟ್ಟುವುದು. ಸಂಜೆ ಮತ್ತೆ ಒರೆಸಿದಳು. ಅಂದಿನಿಂದ ಇಂದಿನವರೆಗೆ ಆ ಉದ್ದನೆಯ ಆಜ್ಞೆಯನ್ನು ಯಾರೂ ಇನ್ನೊಮ್ಮೆ ಬರೆದಿರಲಿಲ್ಲ. ಯಂತ್ರದ ನೆನಪಿನಿಂದ ಯಂತ್ರದ ನೆನಪಿಗೆ ಸುರಿದುಕೊಂಡು ಬಂದಿತ್ತು. ಮನುಷ್ಯರಲ್ಲಿ ಉಳಿದದ್ದು ಬೆರಳ ತುದಿಯ ಮೂರು ಹೊಡೆತ. ಹೊಸ ಯಂತ್ರಕ್ಕೆ ಹಿಂದೆ ಎಂಬುದೇ ಇರಲಿಲ್ಲ.

ಗಡಿಯಾರ ನಾಲ್ಕೂ ಹದಿನೇಳು ತೋರಿಸುತ್ತಿತ್ತು.

ಪ್ರೂಫ್ ಸಾರ್ ಎದ್ದು ಬಣ್ಣದವಳ ಮೇಜಿಗೆ ಹೋದರು. ದಿನಾ ಸಂಜೆ ಮಾಡುವ ಹಾಗೆಯೇ ಅವಳ ಕೈಯಲ್ಲಿ ಕೆಲಸ ನಿಲ್ಲಿಸಿ, ಪರದೆ ಒರೆಸಿಸಿದರು. ಬಾಣವನ್ನು ಎರಡು ಸಲ ಒತ್ತಿಸಿ, ಎಂಟರ್ ಒತ್ತಲು ಬಿಡದೆ ಅವಳ ಕೈ ಹಿಡಿದರು. ಪರದೆಯ ಮೇಲೆ ಆಜ್ಞೆ ನಿಂತಿತ್ತು, ಒಂದೂವರೆ ಸಾಲಿನದು. ಅದನ್ನು ಪೆನ್ನಿನಲ್ಲಿ ಅಕ್ಷರಕ್ಕೆ ಅಕ್ಷರ ಬರೆದುಕೊಂಡರು. ಹೋಲಿಸಿದರು. ಹಿಂದಿನಿಂದ ಮುಂದಕ್ಕೂ ಹೋಲಿಸಿದರು. ಚೀಟಿ ಅಕ್ಕ ಕುರ್ಚಿಯ ತುದಿಗೆ ಬಂದು ಬಂದು, ಇನ್ನು ತುದಿಯೇ ಉಳಿದಿರಲಿಲ್ಲ. ಸಾರ್ ತಮ್ಮ ಜಾಗಕ್ಕೆ ಬಂದು ಒಂದೊಂದೇ ಬೆರಳಲ್ಲಿ ಒತ್ತಿದರು. ಮಧ್ಯದಲ್ಲಿ ಒಮ್ಮೆ ಕೆಮ್ಮಿದರು. ಎಂಟರ್.

ಸಾಲುಗಳು ಹರಿದವು. ಬಿಳಿ ಪುಟ ಒಂದು ಸಲ ಮಿಟುಕಿತು. ದಂತವೈದ್ಯರು ತಮ್ಮ ಮೂವತ್ತೆರಡನ್ನೂ ತೋರಿಸಿ ನಕ್ಕರು.

ಬಣ್ಣದವಳು ಚಪ್ಪಾಳೆ ತಟ್ಟಿದಳು. ಮಾಲೀಕ ಕೈಕಟ್ಟಿ ನಿಂತ. "ಅಲ್ಲ ಸಾರ್, ಇದು ನಡೆಯಲ್ಲ. ಅಕ್ಕ ಬೆರಳಲ್ಲಿ ಹೇಳಿಕೊಟ್ರಲ್ಲ."

"ಮೇಡಂ ಹೇಳಲಿಲ್ಲ," ಎಂದರು ಪ್ರೂಫ್ ಸಾರ್. "ಮೇಡಂಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಹೇಳಿಕೊಡೋಕೆ ಆಗುತ್ತಾ? ನಿಮಗೂ ಗೊತ್ತಿರಲಿಲ್ಲ." ಪತ್ರ ತೆಗೆದುಕೊಂಡು ಮೂವತ್ತೇಳಕ್ಕೂ ಮೂವತ್ತೆಂಟಕ್ಕೂ ನಡುವೆ, ಕರಡಿನಲ್ಲಿ ಬಿಟ್ಟ ಪದ ಸೇರಿಸುವ ಗುರುತು ಹಾಕಿ, ಆ ಒಂದೂವರೆ ಸಾಲನ್ನು ಸಣ್ಣ ಅಕ್ಷರದಲ್ಲಿ ಬರೆದರು. "ಈಗ ಪತ್ರ ಪೂರ್ತಿ. ಕೆಳಗೆ ಸಹಿ ಹಾಕಿ."

ಮಾಲೀಕ ಸಹಿ ಹಾಕಿದ. ನಾಲ್ಕೂ ಇಪ್ಪತ್ತಾರು.

ಚೀಟಿ ಅಕ್ಕ ಎದ್ದಳು. ಏಳು ಗಂಟೆ ಮುಚ್ಚಿಟ್ಟ ಬಾಯಿಯಿಂದ ಏನು ಬರುತ್ತದೋ ಎಂದು ಎಲ್ಲರೂ ಕಾದರು. "ಹನ್ನೊಂದನೇದರಲ್ಲಿ," ಎಂದಳು, "ಮೂರಕ್ಕೂ ತಲೆ ಕೆಡಿಸ್ಕೋಬೇಡಿ." ಬ್ಯಾಗು ಎತ್ತಿ ಬಾಗಿಲ ತನಕ ಹೋದಳು. ಭಾರ ಭುಜಕ್ಕೆ ತಾಗಿತು. ನಿಂತಳು.

"ಇದೂ ಇರ್ಲಿ ಅಂತ..." ಎಂದು ತನಗೇ ಎಂಬಂತೆ ಶುರು ಮಾಡಿದಳು. "ತೆಗೆಯೋದೇ ಇಲ್ಲ. ಸುಮ್ನೆ ಟವೆಲ್ಲಲ್ಲೇ ಇರುತ್ತೆ."

ಪ್ರೂಫ್ ಸಾರ್ ಪೆನ್ನಿನ ಮುಚ್ಚಳ ಹಾಕುತ್ತ, "ಮೂಲ ಪ್ರತಿ ಅಚ್ಚುಮನೆ ಬಿಟ್ಟು ಹೋಗೋ ಪದ್ಧತಿ ಇಲ್ಲ ಮೇಡಂ," ಎಂದರು. "ಅದರಲ್ಲಿ ಇನ್ನೂ ಇಂಥವು ಎಷ್ಟಿವೆಯೋ. ಒಂದೊಂದೇ ಬರೆದಿಡ್ತೀನಿ. ಮೂರು ವಾರ ಬೇಕಾಗುತ್ತೆ."

ಚೀಟಿ ಅಕ್ಕ ಬ್ಯಾಗಿನ ಜಿಪ್ಪು ಎಳೆದಳು. ಟವೆಲ್ಲು ಬಿಚ್ಚಿ ಲ್ಯಾಪ್‌ಟಾಪನ್ನು ಮೂಕ ಕುರ್ಚಿಯ ಮೇಲೆ ಇಟ್ಟಳು. ಕೂರಿಸಿದ ಹಾಗೆ, ನೆಟ್ಟಗೆ. ಆಮೇಲೆ ಮೆಟ್ಟಿಲಿಳಿಯುವ ಸದ್ದು ಬಹಳ ಬೇಗ ಬೇಗ ಕೇಳಿಸಿತು.

ರೈಲು ಹತ್ತು ನಿಮಿಷ ತಡವಾಗಿತ್ತು. ಆ ಹತ್ತು ನಿಮಿಷ ಆಕೆ ಪ್ಲಾಟ್‌ಫಾರ್ಮಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದಳು. ಒಳಗೆ ಕಿಟಕಿಯ ಪಕ್ಕದ ಸೀಟು. ಹಗುರವಾದ ಬ್ಯಾಗು ಮಡಿಲಲ್ಲಿ. ಗಾಡಿ ಊರು ದಾಟುವ ಮೊದಲೇ ಫೋನ್ ಗುಂಯ್ ಎಂದಿತು. ಬಣ್ಣದವಳು: "ಅಕ್ಕಾ ಒಂದು ಸಣ್ಣ ಡೌಟು." ಅದರ ಕೆಳಗೆ ಇನ್ನೊಂದು ಸಂದೇಶ ಮೂಡುತ್ತಿದ್ದಂತೆ, ಆಕೆ ಕನ್ನಡಕ ಏರಿಸುವಷ್ಟರಲ್ಲಿ, ಎರಡೂ ಮಾಯವಾದವು. ಅಳಿಸಲಾಗಿದೆ ಎಂಬ ಒಣ ಸಾಲು ಉಳಿಯಿತು.

ಏನು ಡೌಟು? ಮೆನು ಮಡಚಿಕೊಳ್ಳುತ್ತಿಲ್ಲವೇ? ತಾರೀಕು ತಿರುಗಿತೇ? ಡಾಕ್ಟರು ನಗು ನಿಲ್ಲಿಸಿದರೇ? ಉತ್ತರ ಸಿಕ್ಕಿ ಅಳಿಸಿದಳೋ, ಪ್ರೂಫ್ ಸಾರ್ ಗದರಿ ಅಳಿಸಿಸಿದರೋ? ಆ ಒಣ ಸಾಲನ್ನು ಆಕೆ ಎರಡು ಸ್ಟೇಷನ್ ದಾಟುವವರೆಗೂ ನೋಡಿದಳು. ಕೊನೆಗೆ "ಏನದು?" ಎಂದು ಬರೆದಳು. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ನಿಂತಿತ್ತು, ಅಷ್ಟರಲ್ಲಿ ಮಗಳ ಫೋನು.

"ಹತ್ತಿದ್ಯಾ?"

"ಹತ್ತಿದೆ."

"ಬ್ಯಾಗಲ್ಲಿ ಏನಿದೆ?"

"ಬಟ್ಟೆ. ಸ್ವೆಟರು. ಟೋಪಿ. ಟವೆಲ್ಲು," ಎಂದಳು. "ಟವೆಲ್ಲಲ್ಲಿ ಏನೂ ಇಲ್ಲ."

ಆ ಕಡೆ ಮಗಳು ಮೂಗು ಒರೆಸಿಕೊಂಡ ಸದ್ದು ಬಂತು. "ಈಗ ಏನ್ ಮಾಡ್ತಿದ್ದೀಯ?"

ಚೀಟಿ ಅಕ್ಕ ಕೆಳಗೆ ನೋಡಿದಳು. ಬಲಗೈ ಬ್ಯಾಗಿನ ಮೇಲೆ ಮೂಲೆಗೆ ಸರಿದಿತ್ತು. ಬೆರಳು ಒಮ್ಮೆ ಕುಟ್ಟಿತು, ಇನ್ನೊಮ್ಮೆ ಕುಟ್ಟಿತು.

"ಏನೂ ಇಲ್ಲ ಪುಟ್ಟಾ," ಎಂದಳು. ಆ ಕೈಯನ್ನು ಎತ್ತಿ ತೊಡೆಯ ಕೆಳಗಿಟ್ಟುಕೊಂಡು, ಅದರ ಮೇಲೆ ಗಟ್ಟಿಯಾಗಿ ಕೂತಳು. "ನೀನು ಹೇಳು. ನಾಳೆ ಎಷ್ಟು ಹೊತ್ತಿಗೆ ಒಳಗೆ ಕರ್ಕೊಂಡ್ಹೋಗ್ತಾರಂತೆ?"